ಪದವಿಯ ನಂತರದ ಪಾಠ: ಮೇಡನ್ ಕ್ಯಾಸಲ್‌ನಿಂದ ಬ್ರಹ್ಮಗಿರಿಯವರೆಗೆ

ಎರಡು ವರ್ಷಗಳ ಹಿಂದೆ ನಮ್ಮ ಸಂಘದ ಯುಗಾದಿ ಊಟದಲ್ಲಿ ಹಾಸನ ಜಿಲ್ಲೆಯ ಒಬ್ಬ ಹುಡುಗ ಪಕ್ಕದಲ್ಲಿ ಕುಳಿತಿದ್ದ. ಊರಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವದಲ್ಲಿ ಎಂ.ಎ. ಮಾಡಿ, ಸಾಲ ತೆಗೆದು ಇಂಗ್ಲೆಂಡಿಗೆ ಬಂದು, ಅದೇ ವಿಷಯದಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ ಮುಗಿಸಿದ್ದ. ಕೆಲಸ ಸಿಕ್ಕಿತೇ ಎಂದು ಕೇಳಿದೆ. ಹೋಳಿಗೆ ಮುರಿಯುತ್ತಲೇ ಹೇಳಿದ: "ಇಂಟರ್‌ವ್ಯೂಗೆ ಹೋಗಿದ್ದೆ ಸರ್. ನನ್ನ ಥೀಸಿಸ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. 'ನಿನ್ನ ಕೈಯಿಂದ ಎಷ್ಟು ವಾರ ಅಗೆದಿದ್ದೀಯ' ಅಂತ ಕೇಳಿದರು. ನಮ್ಮ ಎಂ.ಎ.ನಲ್ಲಿ ಹದಿನೈದು ದಿನ ಕ್ಯಾಂಪ್ ಇತ್ತು. ಅಗೆದವರು ಕೂಲಿಯವರು. ನಾವು ನೋಟ್‌ಬುಕ್ ಹಿಡ್ಕೊಂಡು ಮೇಲೆ ನಿಂತಿದ್ವಿ. ಅದನ್ನ ಹೇಗೆ ಹೇಳೋದು?"

ನಾನು ಪುರಾತತ್ತ್ವಜ್ಞನಲ್ಲ. ಈ ದೇಶದಲ್ಲಿ ಮೂವತ್ತು ವರ್ಷ ಕಟ್ಟಡಗಳ ಅಡಿಪಾಯದ ಲೆಕ್ಕ ಹಾಕಿ ನಿವೃತ್ತನಾದ ಸಿವಿಲ್ ಇಂಜಿನಿಯರ್. ಆದರೆ ಲಂಡನ್ನಿನ ಹಳೆಯ ಭಾಗಗಳಲ್ಲಿ ಪೈಲಿಂಗ್ ಯಂತ್ರ ಬರುವ ಮೊದಲು ಪುರಾತತ್ತ್ವದವರು ಬರುತ್ತಿದ್ದರು. ಕಿತ್ತಳೆ ಜಾಕೆಟ್, ಹೆಲ್ಮೆಟ್ ತೊಟ್ಟ ಹುಡುಗ ಹುಡುಗಿಯರು ಮಳೆಯಲ್ಲಿ ಮಂಡಿಯೂರಿ ಕರಣೆಯಿಂದ ಮಣ್ಣು ಕೆರೆಯುತ್ತಿದ್ದರು. ಅವರೆಲ್ಲ ಪದವೀಧರರು ಎಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ಹಾಸನದ ಹುಡುಗನ ಮಾತು ಆ ಆಶ್ಚರ್ಯವನ್ನು ಮತ್ತೆ ಕೆದಕಿತು. ಒಂದೇ ವಿದ್ಯೆಯಲ್ಲಿ ಪದವಿ ಪಡೆದ ಇಬ್ಬರಲ್ಲಿ ಒಬ್ಬ ಗುಂಡಿಯ ಒಳಗೆ, ಇನ್ನೊಬ್ಬ ಗುಂಡಿಯ ಮೇಲೆ ನಿಂತದ್ದು ಹೇಗೆ? ಹೊಸ ಪದವೀಧರನಿಗೆ ಅಗೆತದ ಕೆಲಸವನ್ನು ಯಾರು ಕಲಿಸಿದರು, ಕಲಿಯುವ ಕಾಲದ ಖರ್ಚನ್ನು ಯಾರು ಹೊತ್ತರು? ಈ ಎರಡು ಪ್ರಶ್ನೆಗಳ ಬೆನ್ನುಹತ್ತಿ ಓದಿದ್ದನ್ನು, ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೈಸೂರಿನ ಶಾಸನ ಪಾಠಶಾಲೆ

ಮೊದಲು ನಮ್ಮಲ್ಲಿ ಏನಿತ್ತು ಎಂಬುದನ್ನು ನೋಡೋಣ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ 1885ರಷ್ಟು ಹಳೆಯದು. ಬಿ.ಎಲ್. ರೈಸ್ ಅವರ ಕಾಲದಲ್ಲಿ ಇಲಾಖೆಯ ಮುಖ್ಯ ಕೆಲಸ ಶಾಸನ ಸಂಗ್ರಹ. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಆ ದುಡಿಮೆಯ ಫಲ. 1892ರಲ್ಲಿ ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದವರೂ ರೈಸ್ ಅವರೇ. ನಂತರ ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, 1929ರಿಂದ ಎಂ.ಎಚ್. ಕೃಷ್ಣ ಇಲಾಖೆಯನ್ನು ನಡೆಸಿದರು.

ಈ ಇಲಾಖೆಯಲ್ಲಿ ಕಲಿಕೆ ನಡೆಯುತ್ತಿದ್ದದ್ದು ಕಲ್ಲಿನ ಮುಂದೆ. ಶಾಸನದ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು ಅಕ್ಷರದ ಗುಳಿಗಳಿಗೆ ಕೂರಿಸಿ, ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು. ಕಾಗದ ಎಷ್ಟು ನೆನೆದಿರಬೇಕು, ಮಸಿ ಎಷ್ಟು ತೆಳುವಾಗಿರಬೇಕು ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಪಂಡಿತರೊಬ್ಬರ ಜೊತೆ ಊರೂರು ತಿರುಗಿ, ಅವರ ಕೈ ನೋಡಿ, ನಾಲ್ಕು ಕಾಗದ ಹಾಳು ಮಾಡಿ ಕಲಿಯಬೇಕು. 1936ರಲ್ಲಿ ಹಲ್ಮಿಡಿಯ ಕಲ್ಲು ಎಂ.ಎಚ್. ಕೃಷ್ಣ ಅವರ ಗಮನಕ್ಕೆ ಬಂದಾಗ ಅದರ ಬೆಲೆ ತಿಳಿಯಲು ಸಾಧ್ಯವಾದದ್ದು ಇಂಥ ಕಲಿಕೆಯ ಪರಂಪರೆ ಇಲಾಖೆಯಲ್ಲಿ ಇದ್ದುದರಿಂದ. ಕಲಿಯುವವನಿಗೆ ಸಂಬಳವನ್ನು ಸಂಸ್ಥಾನವೇ ಕೊಡುತ್ತಿತ್ತು ಎಂಬುದನ್ನೂ ನೆನಪಿಡಬೇಕು.

ಭೂಮಿಯನ್ನು ಅಗೆಯುವುದು ಬೇರೆಯೇ ವಿದ್ಯೆ. ಲಂಡನ್ ವಿಶ್ವವಿದ್ಯಾಲಯದ ಡಿ.ಲಿಟ್. ಪಡೆದಿದ್ದ ಕೃಷ್ಣ ಅವರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲೂ, ಆಮೇಲೆ ಬ್ರಹ್ಮಗಿರಿಯಲ್ಲೂ ಉತ್ಖನನ ನಡೆಸಿದರು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳೂ ದೊರೆತವು. ಅಂದರೆ ಮೈಸೂರಿನಲ್ಲಿ ಉತ್ಸಾಹಕ್ಕೂ ವಿದ್ವತ್ತಿಗೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ದಾಖಲಿಸುವ ಕೈಗಳಿಗೆ. ಆ ಕೊರತೆ ಆಗ ಇಡೀ ಭಾರತದ್ದಾಗಿತ್ತು.

ಹಗೇವಿನ ಉದಾಹರಣೆ

ಪದರ ಯಾಕೆ ಮುಖ್ಯ ಎಂಬುದನ್ನು ನಮ್ಮ ಕಡೆಯ ಹಗೇವಿನಿಂದ ವಿವರಿಸಬಹುದು. ಜೋಳ, ರಾಗಿ ತುಂಬಲು ನಮ್ಮ ಹಿರಿಯರು ನೆಲದಲ್ಲಿ ಆಳವಾದ ಹಗೇವು ತೋಡುತ್ತಿದ್ದರು. ಹಗೇವು ಹಾಳಾದ ಮೇಲೆ ಅದರೊಳಗೆ ಕಸ, ಒಡೆದ ಗಡಿಗೆ ಬೀಳುತ್ತಿತ್ತು. ಐನೂರು ವರ್ಷದ ನಂತರ ಒಬ್ಬ ಅಲ್ಲಿ ಅಗೆಯುತ್ತಾನೆ ಎಂದಿಟ್ಟುಕೊಳ್ಳಿ. 'ಎಂಟು ಅಡಿ ಆಳದಲ್ಲಿ ಸಿಕ್ಕ ಮಡಕೆ' ಎಂದು ಆಳವನ್ನಷ್ಟೇ ಬರೆದುಕೊಂಡರೆ, ಹಗೇವಿನ ತಳದ ಹೊಸ ಗಡಿಗೆಯೂ ಅದರ ಪಕ್ಕದ ಮಣ್ಣಿನಲ್ಲಿರುವ ಸಾವಿರಾರು ವರ್ಷ ಹಳೆಯ ಗಡಿಗೆಯೂ ಒಂದೇ ಕಾಲದವಾಗಿಬಿಡುತ್ತವೆ. ಹಗೇವಿನ ಅಂಚನ್ನು ಮಣ್ಣಿನ ಬಣ್ಣದಲ್ಲಿ, ಗಡಸಿನಲ್ಲಿ ಗುರುತಿಸಬಲ್ಲವನು ಮಾತ್ರ ಇವೆರಡನ್ನು ಬೇರೆ ಮಾಡಬಲ್ಲ. ಆಳ ಅಳೆಯಲು ಟೇಪು ಸಾಕು. ಅಂಚು ಗುರುತಿಸಲು ಪಳಗಿದ ಕಣ್ಣು ಬೇಕು, ಆ ಕಣ್ಣು ಪಳಗುವುದು ಗುಂಡಿಯಲ್ಲೇ.

20ನೇ ಶತಮಾನದ ಮೊದಲ ಭಾಗದಲ್ಲಿ ಭಾರತದ ದೊಡ್ಡ ಉತ್ಖನನಗಳಲ್ಲಿ ಆಳದ ಲೆಕ್ಕವೇ ಬಹುಮಟ್ಟಿಗೆ ನಡೆಯುತ್ತಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಸರ್ವೇಕ್ಷಣ ಇಲಾಖೆಯ ಉತ್ಖನನದ ಹಣಕ್ಕೂ ಕತ್ತರಿ ಬಿತ್ತು. ಆ ದಶಕದ ಕೊನೆಯಲ್ಲಿ ಪರಿಸ್ಥಿತಿ ಪರಿಶೀಲಿಸಲು ಬಂದ ಲಿಯೊನಾರ್ಡ್ ವೂಲಿ 1939ರ ವರದಿಯಲ್ಲಿ ಕಟುವಾಗಿಯೇ ಬರೆದರು. ಅಧಿಕಾರಿಗಳಿಗೆ ಅಗೆತದ ಶಿಸ್ತುಬದ್ಧ ತರಬೇತಿ ಇಲ್ಲ ಎಂಬುದು ಅವರ ಆಕ್ಷೇಪಗಳಲ್ಲಿ ಮುಖ್ಯವಾದದ್ದು.

ಡಾರ್ಸೆಟ್‌ನ ಗುಡ್ಡ

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಹೊಸ ಬಗೆಯ ಕಲಿಕೆ ನೆಲೆಗೊಂಡಿತ್ತು. ಮಾರ್ಟಿಮರ್ ವೀಲರ್ ಮತ್ತು ಅವರ ಪತ್ನಿ ಟೆಸ್ಸಾ ವೀಲರ್ 1930ರಿಂದ 1933ರವರೆಗೆ ವೆರುಲೇಮಿಯಮ್ ಎಂಬ ರೋಮನ್ ಪಟ್ಟಣದಲ್ಲೂ, 1934ರಿಂದ 1937ರವರೆಗೆ ಡಾರ್ಸೆಟ್‌ನ ಮೇಡನ್ ಕ್ಯಾಸಲ್ ಎಂಬ ಗುಡ್ಡದ ಕೋಟೆಯಲ್ಲೂ ಉತ್ಖನನ ನಡೆಸಿದರು. ಚದರ ಚದರವಾಗಿ ಗುಂಡಿ ತೆಗೆಯುವುದು, ನಡುವೆ ಮಣ್ಣಿನ ಗೋಡೆ ಬಿಡುವುದು, ಆ ಗೋಡೆಯ ಮುಖದಲ್ಲಿ ಕಾಣುವ ಪದರಗಳನ್ನು ಚಿತ್ರಿಸಿ ಸಂಖ್ಯೆ ಕೊಡುವುದು ಅವರ ಪದ್ಧತಿ. ವೆರುಲೇಮಿಯಮ್‌ನಲ್ಲಿ ಕಲಿತ ಕ್ಯಾಥ್ಲೀನ್ ಕೆನ್ಯನ್ ಮುಂದೆ ಜೆರಿಕೋದಲ್ಲಿ ಅದನ್ನೇ ಬೆಳೆಸಿದರು.

ವಿದ್ಯಾರ್ಥಿಗಳಿಗೆ ಕೆಲಸದ ಜೊತೆಗೇ ಕಲಿಸುವ ವ್ಯವಸ್ಥೆ ಕಟ್ಟುವುದರಲ್ಲಿ ಟೆಸ್ಸಾ ಅವರ ಪಾಲು ದೊಡ್ಡದು. ಗಂಡ ಹೆಂಡತಿ ಸೇರಿ ಕನಸಿದ ಲಂಡನ್ನಿನ ಪುರಾತತ್ತ್ವ ಸಂಸ್ಥೆ 1937ರಲ್ಲಿ ರೀಜೆಂಟ್ಸ್ ಪಾರ್ಕಿನಲ್ಲಿ ಬಾಗಿಲು ತೆರೆಯಿತು. ಅದನ್ನು ನೋಡಲು ಟೆಸ್ಸಾ ಇರಲಿಲ್ಲ, 1936ರಲ್ಲೇ ತೀರಿಕೊಂಡಿದ್ದರು.

ಮೇಡನ್ ಕ್ಯಾಸಲ್‌ಗೆ ನಾನು ಹೋಗಿದ್ದೇನೆ. ಈಗ ಅಲ್ಲಿ ಕುರಿಗಳು ಮೇಯುತ್ತವೆ. ಹುಲ್ಲಿನ ಕೆಳಗೆ ಒಂದರ ಹಿಂದೊಂದು ಮಣ್ಣಿನ ಕೋಟೆಗಳು ಅಲೆಯಂತೆ ಏಳುತ್ತವೆ. ಈ ಗುಡ್ಡಕ್ಕೂ ನಮಗೂ ಒಂದು ನೇರ ನಂಟಿದೆ. ಲಂಡನ್ನಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಎಚ್.ಡಿ. ಸಾಂಕಳಿಯಾ ಇಲ್ಲಿ ವೀಲರ್ ಕೈಕೆಳಗೆ ಅಗೆತ ಕಲಿತರು. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸೇರಿದ ಅವರು ತಮ್ಮ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಂತೆ ಒಂದೊಂದು ನದಿ ಕಣಿವೆಗೆ, ಒಂದೊಂದು ಸೀಮೆಗೆ ಅಟ್ಟಿದರು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್, ಮಲಪ್ರಭಾ ಕಣಿವೆಯಲ್ಲಿ ಆರ್.ವಿ. ಜೋಶಿ ಕೆಲಸ ಮಾಡಿದ್ದು ಈ ಶಾಲೆಯಿಂದ ಹೊರಟವರಾಗಿ. ನಮ್ಮ ಶಿಲಾಯುಗದ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಹೀಗೆ ನಡೆದು ಸುತ್ತಿದವರ ಕೊಡುಗೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೇಡನ್ ಕ್ಯಾಸಲ್‌ನಲ್ಲಿ ಗುದ್ದಲಿ ಹಿಡಿದವರು ಬಹುಪಾಲು ಕೂಲಿಯ ಆಳುಗಳು. ವಿದ್ಯಾರ್ಥಿಗಳು, ಸ್ವಯಂಸೇವಕರು ಮೇಲ್ವಿಚಾರಣೆ, ಚಿತ್ರ, ದಾಖಲೆ ನೋಡಿಕೊಳ್ಳುತ್ತಿದ್ದರು. ಸಂಬಳವಿಲ್ಲದೆ ಬೇಸಿಗೆ ಕಳೆಯಬಲ್ಲ ಮನೆತನದವರಿಗೆ ಆ ಕಲಿಕೆ ಸುಲಭವಾಗಿತ್ತು. ಭಾರತಕ್ಕೆ ಬಂದದ್ದು ಈ ಮಾದರಿಯೇ.

ತಕ್ಷಶಿಲೆಯ ಆರು ತಿಂಗಳು

1944ರಲ್ಲಿ ವೀಲರ್ ಯುದ್ಧಭೂಮಿಯಿಂದ ಭಾರತಕ್ಕೆ ಬಂದು ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ತಕ್ಷಶಿಲೆಯಲ್ಲಿ ಆರು ತಿಂಗಳ ತರಬೇತಿ ಶಾಲೆ ತೆರೆದರು. ದೇಶದ ನಾನಾ ವಿಶ್ವವಿದ್ಯಾಲಯಗಳಿಂದ, ಇಲಾಖೆಗಳಿಂದ ಬಂದ ಸುಮಾರು 60 ಜನ ಯುವಕರು ಅಲ್ಲಿ ಸೇರಿದರು. ಹಿಂದೆ ಜಾನ್ ಮಾರ್ಷಲ್ ವರ್ಷಾನುಗಟ್ಟಲೆ ಅಗೆದಿದ್ದ ಸಿರ್ಕಪ್‌ನಲ್ಲೇ ಇವರು ಹೊಸ ಪದ್ಧತಿಯಲ್ಲಿ ಗುಂಡಿ ತೆಗೆದರು. ಅಲ್ಲಿನ ವರದಿಯನ್ನು ಎ. ಘೋಷ್ ಬರೆದರು. ಮೋಜಣಿ, ಪದರಗಳ ಚಿತ್ರ, ಛಾಯಾಚಿತ್ರ, ಮಡಕೆ ಚೂರುಗಳ ವಿಂಗಡಣೆ ಎಲ್ಲವೂ ನಿಜವಾದ ಉತ್ಖನನದ ಭಾಗವಾಗಿಯೇ ಕಲಿಕೆಗೆ ಬಂದವು.

ವೀಲರ್ ಸುಲಭದ ಮನುಷ್ಯರಾಗಿರಲಿಲ್ಲ. ಸೈನ್ಯದ ಅಧಿಕಾರಿಯ ಗತ್ತು, ಇಲ್ಲಿನ ಹಿರಿಯರ ಬಗ್ಗೆ ತಾತ್ಸಾರ, ವಸಾಹತು ಆಡಳಿತಗಾರನ ಆತ್ಮವಿಶ್ವಾಸ ಎಲ್ಲವೂ ಇದ್ದವು. ಆದರೆ ವಿದ್ಯಾರ್ಥಿಗಳ ವಿಷಯದಲ್ಲಿ ಅವರು ಬೇರೆಯೇ ಆಗಿದ್ದರು ಎಂದು ಅವರ ಕೈಕೆಳಗೆ ಪಳಗಿದವರು ನೆನೆದಿದ್ದಾರೆ. ತಕ್ಷಶಿಲೆಯಲ್ಲಿ ಕಲಿತ ಬಿ.ಬಿ. ಲಾಲ್ ಮುಂದೆ ಹಸ್ತಿನಾಪುರವನ್ನು ಅಗೆದರು, ಮಹಾನಿರ್ದೇಶಕರೂ ಆದರು.

ಆ ತರಬೇತಿ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಮುಖ್ಯ. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡು, 1946ರಲ್ಲಿ ಹರಪ್ಪ, 1947ರಲ್ಲಿ ನಮ್ಮ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ. ವೀಲರ್ ಪ್ರತಿ ಉತ್ಖನನವನ್ನೂ ಶಾಲೆಯಾಗಿ ನಡೆಸಿದರು. 1946ರಲ್ಲಿ ಶುರುವಾದ 'ಏನ್ಷಿಯಂಟ್ ಇಂಡಿಯಾ' ಪತ್ರಿಕೆಯಲ್ಲಿ ಉತ್ಖನನ ವರದಿಗಳ ಜೊತೆಗೆ ಕೆಲಸದ ತಂತ್ರದ ಬಗ್ಗೆಯೂ ಲೇಖನಗಳು ಬಂದವು. ತಕ್ಷಶಿಲೆಗೆ ಬರಲಾಗದವನೂ ಓದಿ ಸ್ವಲ್ಪ ಕಲಿಯಬಹುದಿತ್ತು.

ಬ್ರಹ್ಮಗಿರಿಯ ಪರೀಕ್ಷೆ

ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಇಸಿಲ ಎಂಬ ಊರಿನ ಹೆಸರಿದೆ. ಕಲ್ಲುಬಂಡೆಗಳ ಗುಡ್ಡ, ಅದರ ಬುಡದಲ್ಲಿ ಹಳೆಯ ವಸತಿ, ಸುತ್ತ ಕಲ್ಲಿನ ವೃತ್ತಗಳ ಬೃಹತ್ ಶಿಲಾ ಸಮಾಧಿಗಳು. ಕೃಷ್ಣ ಅವರು ಮೊದಲೇ ಇದರ ಮಹತ್ವ ಗುರುತಿಸಿದ್ದರು. ವೀಲರ್ ಬಂದದ್ದು ಒಂದು ನಿರ್ದಿಷ್ಟ ಪ್ರಶ್ನೆ ಹಿಡಿದು. ದಕ್ಷಿಣ ಭಾರತದ ತುಂಬ ಚೆಲ್ಲಿರುವ ಈ ಸಮಾಧಿಗಳು ಯಾವ ಕಾಲದವು?

ಉತ್ತರಕ್ಕೆ ಅವರು ಹಾಕಿದ ಹಾದಿ ಸರಳವಾದದ್ದು. ಅರಿಕಮೇಡುವಿನಲ್ಲಿ ಇಟಲಿಯ ಕೆಂಪು ಮಡಕೆಗಳ ಜೊತೆಗೆ ಚಕ್ರದಿಂದ ಸಣ್ಣ ಗೀರುಗಳ ಅಲಂಕಾರ ಮಾಡಿದ ಒಂದು ಬಗೆಯ ತಟ್ಟೆಗಳು ಸಿಕ್ಕಿದ್ದವು. ಇಟಲಿಯ ಮಡಕೆಯ ಕಾಲ ಗೊತ್ತಿತ್ತು, ಕ್ರಿ.ಶ. ಮೊದಲ ಶತಮಾನದ ಆಸುಪಾಸು. ಹಾಗಾದರೆ ಆ ತಟ್ಟೆಗಳ ಕಾಲವೂ ತಿಳಿದಂತಾಯಿತು. ಅವೇ ತಟ್ಟೆಗಳ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ದೊರೆತವು. ಅದರ ಕೆಳಗೆ ಬೃಹತ್ ಶಿಲಾಯುಗದ ಪದರ, ಅದಕ್ಕೂ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಗಳ ಪದರ. ಮೂರು ಸಂಸ್ಕೃತಿಗಳು ಒಂದರ ಮೇಲೊಂದು, ಅಲ್ಲಲ್ಲಿ ಒಂದರೊಳಗೊಂದು ಬೆರೆತು ಕೂತಿದ್ದವು. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಕ್ಕೆ ಹೀಗೆ ಒಂದು ಏಣಿ ಸಿಕ್ಕಿತು.

ಏಣಿಯ ಮೆಟ್ಟಿಲು ಸರಿಯಿತ್ತು, ಅಳತೆ ತಪ್ಪಿತ್ತು. ಬೃಹತ್ ಶಿಲಾ ಸಮಾಧಿಗಳಿಗೂ ಕಲ್ಲುಕೊಡಲಿಗಳಿಗೂ ವೀಲರ್ ಕೊಟ್ಟ ಕಾಲ ತೀರ ಈಚಿನದು. ಇಂಗಾಲ-14 ಪದ್ಧತಿ ಬಂದ ಮೇಲೆ ಕರ್ನಾಟಕದ ನವಶಿಲಾಯುಗ ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಹಿಂದೆ ಹೋಯಿತು. ಎಂ.ಎಸ್. ನಾಗರಾಜರಾವ್ ಅಗೆದ ತುಂಗಭದ್ರಾ ತೀರದ ಹಳ್ಳೂರು, ಕಬ್ಬಿಣದ ಬಳಕೆಯನ್ನೂ ಕ್ರಿ.ಪೂ. 1000ದ ಸುತ್ತಮುತ್ತಲಿಗೆ ತಳ್ಳಿತು. ಆದರೂ ಬ್ರಹ್ಮಗಿರಿಯ ವರದಿ ಕಸದ ಬುಟ್ಟಿ ಸೇರಲಿಲ್ಲ. ಯಾವ ಚೂರು ಯಾವ ಪದರದ್ದು ಎಂದು ದಾಖಲಾಗಿದ್ದರಿಂದ, ಕಾಲವನ್ನು ತಿದ್ದಿದರೂ ಕ್ರಮ ಉಳಿಯಿತು. ತರಬೇತಿಯಿಂದ ಸಿಗುವ ನಿಜವಾದ ಲಾಭ ಇದೇ ಎಂದು ನನಗೆ ಅನ್ನಿಸುತ್ತದೆ. ಪಳಗಿದ ಕೈ ತಪ್ಪು ಮಾಡುವುದಿಲ್ಲವೆಂದಲ್ಲ, ಮುಂದಿನವರು ತಿದ್ದಬಹುದಾದ ರೀತಿಯಲ್ಲಿ ದಾಖಲೆ ಬಿಡುತ್ತದೆ. ಉತ್ಖನನವನ್ನು ಎರಡನೆಯ ಸಲ ಮಾಡಲಾಗದು, ತೆಗೆದ ಮಣ್ಣು ತೆಗೆದಂತೆಯೇ.

1947 ಎಂ.ಎಚ್. ಕೃಷ್ಣ ಅವರು ತೀರಿಕೊಂಡ ವರ್ಷ ಕೂಡ. ತಕ್ಷಶಿಲೆಯ ಶಾಲೆ ನಡೆದ ನೆಲ ಅದೇ ವರ್ಷ ಪಾಕಿಸ್ತಾನಕ್ಕೆ ಸೇರಿತು.

ಆಮೇಲಿನ ದಾರಿಗಳು

ಸ್ವಾತಂತ್ರ್ಯಾನಂತರ ಈ ಕಲಿಕೆಗೆ ಒಂದು ಖಾಯಂ ಮನೆ ಬೇಕಾಯಿತು. 1959ರಲ್ಲಿ ಸರ್ವೇಕ್ಷಣ ಇಲಾಖೆ ದೆಹಲಿಯಲ್ಲಿ ಪುರಾತತ್ತ್ವ ಶಾಲೆ ಸ್ಥಾಪಿಸಿತು. 1985ರಲ್ಲಿ ಅದು ಪುರಾತತ್ತ್ವ ಸಂಸ್ಥೆಯಾಯಿತು. ಈಗ ಪಂಡಿತ್ ದೀನದಯಾಳ್ ಉಪಾಧ್ಯಾಯರ ಹೆಸರಿನಲ್ಲಿ ಗ್ರೇಟರ್ ನೋಯ್ಡಾದಲ್ಲಿದೆ. ಎಂ.ಎ. ಮುಗಿಸಿದವರಿಗೆ ಎರಡು ವರ್ಷದ ಡಿಪ್ಲೊಮಾ, ಜೊತೆಗೆ ವಿದ್ಯಾರ್ಥಿವೇತನ. ತಕ್ಷಶಿಲೆಯ ನೇರ ವಾರಸುದಾರ ಇದೇ. ಆದರೆ ಇಡೀ ದೇಶಕ್ಕೆ ಪ್ರತಿ ತಂಡದಲ್ಲಿ ಬೆರಳೆಣಿಕೆಯಷ್ಟೇ ಸೀಟುಗಳು. ಪುರಾತತ್ತ್ವ ಕಲಿಸುವ ವಿಶ್ವವಿದ್ಯಾಲಯಗಳು ಹತ್ತಾರು. ಮಿಕ್ಕವರು ಎಲ್ಲಿ ಕಲಿಯಬೇಕು?

ಕೆಲವರಿಗೆ ಗುರುಗಳು ಸಿಕ್ಕರು. ಲಂಡನ್ನಿನಲ್ಲಿ ಓದಿ ಹೋದ ಎಂ. ಶೇಷಾದ್ರಿ ಮೈಸೂರಿನಲ್ಲಿದ್ದುಕೊಂಡು ತಿರುಮಕೂಡಲು ನರಸೀಪುರದಲ್ಲಿ ಉತ್ಖನನ ನಡೆಸಿದರು. ಮೈಸೂರು ವಿಶ್ವವಿದ್ಯಾಲಯದ ಪದವೀಧರರಾದ ಎಸ್.ಆರ್. ರಾವ್ ಬರೋಡಾ ಸಂಸ್ಥಾನದ ಇಲಾಖೆಯಲ್ಲಿ ಕೆಲಸ ಕಲಿತು, ಸರ್ವೇಕ್ಷಣಕ್ಕೆ ಬಂದು, 1950ರ ದಶಕದಲ್ಲಿ ಗುಜರಾತಿನ ಲೋಥಲ್ ಪತ್ತೆಮಾಡಿ ಅಗೆದರು. ಹಂಪಿಯಲ್ಲಿ 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಪ್ರತಿ ಚಳಿಗಾಲ ಬಿಡಾರ ಹೂಡಿದರು. ದೇಶವಿದೇಶಗಳ ವಿದ್ಯಾರ್ಥಿಗಳು ಅಲ್ಲಿ ಬಂದು ಒಂದೊಂದು ಗೋಡೆ, ಒಂದೊಂದು ಮಂಟಪ ಅಳೆದು ನಕ್ಷೆ ಬರೆಯಲು ಕಲಿತರು. ಅವರನ್ನು ಬರಮಾಡಿಕೊಂಡ ರಾಜ್ಯ ಇಲಾಖೆಯ ನಿರ್ದೇಶಕ ನಾಗರಾಜರಾವ್ 1984ರಲ್ಲಿ ಸರ್ವೇಕ್ಷಣದ ಮಹಾನಿರ್ದೇಶಕರಾದರು.

ಇವೆಲ್ಲ ಒಳ್ಳೆಯ ಕತೆಗಳು. ಆದರೆ ಪ್ರತಿಯೊಂದರಲ್ಲೂ ಒಬ್ಬ ದೊಡ್ಡ ವ್ಯಕ್ತಿಯಿದ್ದಾನೆ. ಆ ವ್ಯಕ್ತಿ ನಿವೃತ್ತನಾದರೆ ಅಥವಾ ಬಿಡಾರ ಎತ್ತಿದರೆ ಶಾಲೆಯೂ ಎದ್ದುಹೋಗುತ್ತದೆ.

ಇಂಗ್ಲೆಂಡಿನಲ್ಲಿ ಆದ ಬದಲಾವಣೆ

ಇತ್ತ ಇಂಗ್ಲೆಂಡಿನಲ್ಲಿ ಕೂಲಿ ಆಳು ಮತ್ತು ಮೇಲ್ವಿಚಾರಕ ಎಂಬ ಭೇದ ಅಳಿಯಿತು. 1960, 70ರ ದಶಕಗಳಲ್ಲಿ ಹೊಸ ರಸ್ತೆ, ಕಟ್ಟಡಗಳ ಭರಾಟೆಯಲ್ಲಿ ಹಳೆಯ ಊರುಗಳ ಅಡಿಪಾಯ ನಾಶವಾಗುತ್ತಿತ್ತು. ಅದನ್ನು ಉಳಿಸಲು ವಿದ್ಯಾರ್ಥಿಗಳು, ಯುವಕರು ಪುಡಿಗಾಸಿಗೆ ಊರಿಂದೂರಿಗೆ ಅಲೆಯುತ್ತ ತಾವೇ ಅಗೆದರು. 1973ರಲ್ಲಿ ವಿಂಚೆಸ್ಟರ್‌ನ ಉತ್ಖನನದ ದಾಖಲೆಗಳೊಡನೆ ಹೆಣಗುತ್ತಿದ್ದ ಎಡ್ವರ್ಡ್ ಹ್ಯಾರಿಸ್, ಪದರಗಳ ಹಿಂದುಮುಂದನ್ನು ವಂಶವೃಕ್ಷದ ಹಾಗೆ ಬರೆಯುವ ಕೋಷ್ಟಕ ರೂಪಿಸಿದರು. ಲಂಡನ್ನಿನಲ್ಲಿ ಪ್ರತಿ ಪದರಕ್ಕೂ, ಪ್ರತಿ ಗುಂಡಿಗೂ ಬೇರೆ ಸಂಖ್ಯೆ, ಬೇರೆ ನಮೂನೆ ತುಂಬುವ ಪದ್ಧತಿ ಬೆಳೆಯಿತು. ಅಗೆದವನೇ ನಮೂನೆ ತುಂಬಬೇಕು, ಅವನೇ ಚಿತ್ರ ಬರೆಯಬೇಕು. ಹೀಗಾಗಿ ಗುಂಡಿಯೊಳಗಿನವನಿಗೇ ವಿದ್ಯೆ ಬೇಕಾಯಿತು.

ಹಣದ ಪ್ರಶ್ನೆಗೆ ತಿರುವು ಕೊಟ್ಟದ್ದು 1989ರಲ್ಲಿ ಸದರ್ಕ್‌ನಲ್ಲಿ ಸಿಕ್ಕ ರೋಸ್ ನಾಟಕಶಾಲೆಯ ಅವಶೇಷ. ಶೇಕ್ಸ್‌ಪಿಯರ್ ಕಾಲದ ಆ ರಂಗದ ಮೇಲೆ ಕಚೇರಿ ಕಟ್ಟಡ ಏಳುವುದರಲ್ಲಿತ್ತು. ನಟನಟಿಯರು ಬೀದಿಗಿಳಿದರು, ಕಟ್ಟಡದ ವಿನ್ಯಾಸ ಬದಲಾಯಿತು. 1990ರ ನವೆಂಬರಿನಲ್ಲಿ ಸರ್ಕಾರ ಹೊಸ ಯೋಜನಾ ಮಾರ್ಗಸೂಚಿ ಹೊರಡಿಸಿತು. ಅಂದಿನಿಂದ, ಅವಶೇಷಕ್ಕೆ ಧಕ್ಕೆ ತರುವ ಕಟ್ಟಡದ ಮಾಲೀಕನೇ ಉತ್ಖನನದ ಖರ್ಚು ಹೊರಬೇಕೆಂಬ ರೂಢಿ ಇಂಗ್ಲೆಂಡಿನಲ್ಲಿ ನೆಲೆಗೊಂಡಿತು. ನನ್ನ ಸೈಟುಗಳಿಗೆ ಕಿತ್ತಳೆ ಜಾಕೆಟ್ಟಿನ ಹುಡುಗರು ಬರತೊಡಗಿದ್ದು ಇದರಿಂದಲೇ. ಅವರ ವೇಳಾಪಟ್ಟಿಯನ್ನು ಗೊಣಗುತ್ತ ನಮ್ಮ ಚಾರ್ಟಿನಲ್ಲಿ ಸೇರಿಸಿದವರಲ್ಲಿ ನಾನೂ ಒಬ್ಬ.

ಆದರೆ ಟೆಂಡರಿನಲ್ಲಿ ಕಡಿಮೆ ದರ ಹೇಳಿದವರಿಗೆ ಕೆಲಸ ಸಿಗುವ ಕಡೆ ಹೊಸಬನಿಗೆ ಕಲಿಸಲು ಯಾರಿಗೆ ಪುರುಸೊತ್ತು? ವಿಶ್ವವಿದ್ಯಾಲಯ 'ಅದು ಉದ್ಯೋಗದಾತರ ಕೆಲಸ' ಎಂದಿತು, ಉದ್ಯೋಗದಾತರು 'ಅನುಭವ ಇದ್ದವರೇ ಬೇಕು' ಎಂದರು. ನಡುವೆ ಬಿದ್ದವನು ಪದವೀಧರ. ಹಣ ಕಟ್ಟಿ ಸೇರಬೇಕಾದ ತರಬೇತಿ ಉತ್ಖನನಗಳಿಗೆ ಕೈಯಲ್ಲಿ ಕಾಸಿದ್ದವರು ಹೋದರು. ಮೇಡನ್ ಕ್ಯಾಸಲ್ ಕಾಲದ ಹಳೆಯ ರೋಗವೇ ಇದು.

ಇದಕ್ಕೆ ಮದ್ದನ್ನು ವೃತ್ತಿಯವರೇ ಹುಡುಕಬೇಕಾಯಿತು. 1982ರಲ್ಲಿ ಹುಟ್ಟಿ 2014ರಲ್ಲಿ ರಾಜಮನ್ನಣೆ ಪಡೆದ ಪುರಾತತ್ತ್ವಜ್ಞರ ವೃತ್ತಿಸಂಸ್ಥೆ, ಲಾಟರಿ ನಿಧಿಯ ನೆರವಿನಿಂದ ಕೆಲಸದ ಸ್ಥಳದಲ್ಲೇ ಸಂಬಳ ಸಹಿತ ತರಬೇತಿಯ ವ್ಯವಸ್ಥೆ ಮಾಡಿತು. ಕೆಲಸ ಮಾಡಿ ತೋರಿಸಿದ್ದರ ಆಧಾರದ ಮೇಲೆ ಕೊಡುವ ವೃತ್ತಿ ಅರ್ಹತೆಯೂ ಬಂತು. ಈಚೆಗೆ ಪದವಿಯಿಲ್ಲದೆಯೂ ಸೇರಬಹುದಾದ, ಸಂಬಳ ಸಿಗುವ ಅಪ್ರೆಂಟಿಸ್ ಹುದ್ದೆಗಳಿಗೆ ಸರ್ಕಾರದ ಮಾನ್ಯತೆ ದೊರೆತಿದೆ. ರೈಲುಮಾರ್ಗಗಳಂಥ ಬೃಹತ್ ಯೋಜನೆಗಳಿಗೆ ಜನ ಸಾಲದೆ 2019ರಲ್ಲಿ ಕೊರತೆಯ ವೃತ್ತಿಗಳ ವೀಸಾ ಪಟ್ಟಿಗೆ ಪುರಾತತ್ತ್ವಜ್ಞರೂ ಸೇರಿದರು. ನಮ್ಮ ಹುಡುಗ ಹುಡುಗಿಯರಿಗೆ ಬಾಗಿಲು ತೆರೆದದ್ದು ಹೀಗೆ. ಆದರೆ ಬಾಗಿಲಲ್ಲಿ ಕೇಳುವ ಪ್ರಶ್ನೆ ಮಾತ್ರ ಹಾಸನದ ಹುಡುಗನಿಗೆ ಕೇಳಿದ್ದೇ.

ಹುರುಳಿ ಕಾಳಿನ ಸಾಕ್ಷಿ

ಎರಡು ಪರಂಪರೆಗಳು ಮತ್ತೆ ಸೇರಿದ ಒಂದು ಜಾಗವನ್ನು ಹೇಳಬೇಕು. ಸುಬ್ಬರಾವ್ ಅಗೆದಿದ್ದ ಸಂಗನಕಲ್ಲಿಗೆ ಧಾರವಾಡದ ಪ್ರೊ. ರವಿ ಕೋರಿಶೆಟ್ಟರ್ ಅವರ ನೇತೃತ್ವದಲ್ಲಿ ಹೊಸ ತಲೆಮಾರಿನವರು ಮರಳಿದರು. ಜೊತೆಗೆ ಬ್ರಿಟನ್ನಿನ ವಿದ್ವಾಂಸರೂ ಬಂದರು, ಅವರಲ್ಲಿ ಡೋರಿಯನ್ ಫುಲ್ಲರ್ ಲಂಡನ್ನಿನ ಅದೇ ಪುರಾತತ್ತ್ವ ಸಂಸ್ಥೆಯವರು. ಅವರು ತಂದ ಕೆಲಸ ನೋಡಲು ಅಡುಗೆಮನೆಯದ್ದು. ಅಗೆದ ಮಣ್ಣನ್ನು ನೀರಿಗೆ ಸುರಿದು ಕದಡುವುದು, ತೇಲಿ ಬಂದ ಕರಿಯ ಕಣಗಳನ್ನು ಬಟ್ಟೆಯಲ್ಲಿ ಸೋಸಿ ನೆರಳಿನಲ್ಲಿ ಒಣಗಿಸುವುದು. ನಮ್ಮ ಅಜ್ಜಿಯರು ಅಕ್ಕಿ ತೊಳೆದಂತೆ. ಆ ಕಣಗಳು ನಾಲ್ಕು ಸಾವಿರ ವರ್ಷದ ಹಿಂದೆ ಒಲೆಯಲ್ಲಿ ಸೀದ ಕಾಳುಗಳು: ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ನಮ್ಮ ಬಯಲುಸೀಮೆಯ ಊಟದ ಬೇರು ಎಷ್ಟು ಆಳದ್ದು ಎಂದು ತಿಳಿದದ್ದು ಹೀಗೆ.

ಹಿಂದಿನ ಉತ್ಖನನಗಳ ಮಣ್ಣಿನಲ್ಲೂ ಈ ಕಾಳುಗಳು ಇದ್ದಿರಲೇಬೇಕು. ಹುಡುಕಲು ಕಲಿಸಿದವರಿರಲಿಲ್ಲ, ಅವು ಮಣ್ಣಿನ ಗುಡ್ಡೆ ಸೇರಿದವು. ಒಂದು ತಲೆಮಾರಿಗೆ ಸಿಗದ ಪಾಠ ಮುಂದಿನವರಿಗೆ ಎಷ್ಟು ದುಬಾರಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಾವು ಮಾಡಬಹುದಾದದ್ದು

ಹಾಸನದ ಹುಡುಗನ ಕತೆ ಮುಗಿಸುತ್ತೇನೆ. ಅವನಿಗೆ ಸಿಕ್ಕಿದ್ದು ಎರಡು ವರ್ಷದ ವೀಸಾ. ವಾರದ ದಿನ ಸೂಪರ್‌ಮಾರ್ಕೆಟ್ಟಿನಲ್ಲಿ ದುಡಿದು, ಶನಿವಾರ ಭಾನುವಾರ ಈ ಕೌಂಟಿಯ ಪುರಾತತ್ತ್ವ ಸಂಘದವರ ಜೊತೆ ಅಗೆಯಲು ಹೋದ. ಅಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಕರಣೆ ಹಿಡಿಯುವುದನ್ನು ಕಲಿಸಿದರು: ತನ್ನ ಕಡೆಗೆ ಎಳೆಯಬೇಕು, ತುದಿಯಿಂದ ಕುಕ್ಕಬಾರದು, ಕೆರೆದ ಜಾಗದ ಮೇಲೆ ಮಂಡಿಯೂರಬಾರದು. ಒಂದು ಬೇಸಿಗೆ ಕಳೆದ ಮೇಲೆ ಒಂದು ಕಡೆ ಸಂಬಳದ ತರಬೇತಿ ಹುದ್ದೆ ಸಿಕ್ಕಿತು. ಆ ಬೇಸಿಗೆಯನ್ನು ಕಳೆಯಲು ಅವನಿಗೆ ಸಾಧ್ಯವಾದದ್ದು ನಮ್ಮ ಸಂಘದ ಒಂದು ಕುಟುಂಬ ಬಾಡಿಗೆ ಕೇಳದೆ ಕೋಣೆ ಕೊಟ್ಟಿದ್ದರಿಂದ. ಎಲ್ಲರಿಗೂ ಅಂಥ ಕೋಣೆ ಸಿಗುವುದಿಲ್ಲ.

ಇಷ್ಟು ಓದಿದ ಮೇಲೆ ನನಗೆ ಖಚಿತವಾದದ್ದು ಒಂದೇ. ಅಗೆತದ ವಿದ್ಯೆ ಬೆಳೆದಲ್ಲೆಲ್ಲ ಕಲಿಸುವುದನ್ನು ಕೆಲಸದ ಭಾಗವೆಂದು ಯಾರೋ ಒಪ್ಪಿಕೊಂಡಿದ್ದರು, ಕಲಿಯುವವನ ಊಟ ವಸತಿಯ ಖರ್ಚನ್ನು ಯಾರೋ ಹೊತ್ತಿದ್ದರು. ಮೈಸೂರಿನಲ್ಲಿ ಸಂಸ್ಥಾನ, ಆಮೇಲೆ ಸರ್ವೇಕ್ಷಣ ಇಲಾಖೆ, ಇಲ್ಲಿ ಕಟ್ಟಡ ಕಟ್ಟುವವರು ಮತ್ತು ಲಾಟರಿ ನಿಧಿ. ಯಾರೂ ಹೊರದಿದ್ದಲ್ಲಿ ಆ ಭಾರ ವಿದ್ಯಾರ್ಥಿಯ ಅಪ್ಪ ಅಮ್ಮನ ಮೇಲೆ ಬಿತ್ತು. ಹೊರಲಾಗದವರ ಮಕ್ಕಳು ವಿದ್ಯೆಯಿಂದ ದೂರ ಉಳಿದರು.

ಆದ್ದರಿಂದ ನಮ್ಮ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ಪ್ರಸ್ತಾಪ ಇಟ್ಟಿದ್ದೇನೆ. ಪ್ರತಿ ವರ್ಷ ಕರ್ನಾಟಕದ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪುರಾತತ್ತ್ವ ಓದುವ ಒಬ್ಬ ವಿದ್ಯಾರ್ಥಿಗೆ ಒಂದು ಪೂರ್ತಿ ಉತ್ಖನನ ಋತುವಿನ ಪ್ರಯಾಣ, ಊಟ, ವಸತಿಯ ಖರ್ಚನ್ನು ನಾವು ಕೊಡೋಣ. ಉತ್ಖನನ ಕರ್ನಾಟಕದಲ್ಲೇ ಇರಲಿ, ವಿದೇಶ ಪ್ರವಾಸ ಬೇಡ. ಷರತ್ತು ಎರಡೇ. ಮೊದಲನೆಯದು, ಆ ವಿದ್ಯಾರ್ಥಿ ಗುಂಡಿಯೊಳಗೆ ಇಳಿದು ಕೈಯಿಂದ ಕೆಲಸ ಮಾಡಬೇಕು. ಎರಡನೆಯದು, ಅಲ್ಲಿ ದಿನಗೂಲಿಗೆ ಅಗೆಯುವ ಹಳ್ಳಿಯವರಿಂದ ಏನು ಕಲಿತೆ ಎಂಬುದನ್ನು ಅವರ ಹೆಸರು ಹೇಳಿ, ಅವರ ಒಪ್ಪಿಗೆ ಪಡೆದು ಬರೆಯಬೇಕು. ಸುತ್ತಿನ ಮಣ್ಣಿನ ಗುಣ ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಎಂಬತ್ತು ವರ್ಷಗಳ ವರದಿಗಳಲ್ಲಿ ಅವರ ಹೆಸರು ಹುಡುಕಿದರೂ ನನಗೆ ಸಿಕ್ಕದ್ದು ವಿರಳ.

ಆ ಬರಹವನ್ನು ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಮಾಡೋಣ. ಒಪ್ಪಿಗೆಯಿರುವವರು ಸಮಿತಿಗೆ ತಿಳಿಸಿ. ಹಾಸನದ ಹುಡುಗ ತನ್ನ ಮೊದಲ ತಿಂಗಳ ಸಂಬಳದಲ್ಲಿ ಐವತ್ತು ಪೌಂಡು ಈ ನಿಧಿಗೆಂದು ಆಗಲೇ ಕೊಟ್ಟಿದ್ದಾನೆ.